ತಪ್ಪಿಲ್ಲದ ಒಂದು ಸಾಲು

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ತಿದ್ದಕ್ಕ ಎನ್ನುತ್ತಿದ್ದರು. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಪ್ರೂಫ್ ತಿದ್ದಿದವಳಿಗೆ ಆ ಹೆಸರು ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕುವ ಚೀಟಿ, ಇಸ್ತ್ರಿಪೆಟ್ಟಿಗೆಯ ಜೊತೆ ಬರುವ ಸೂಚನೆಗಳು, ಶಾಲೆಯ ಪ್ರಶ್ನೆಪತ್ರಿಕೆ, ಏನೇ ಇರಲಿ, ಅವಳ ಕೆಂಪು ಪೆನ್ನಿನ ಕೆಳಗೆ ಹಾಯದೆ ಯಂತ್ರ ಏರುತ್ತಿರಲಿಲ್ಲ. ಒಮ್ಮೆ ದಿನಕ್ಕೆ ಒಂದು ಮಾತ್ರೆ ಎಂದಿರಬೇಕಾದಲ್ಲಿ ಹತ್ತು ಎಂದಾಗಿದ್ದನ್ನು ಹಿಡಿದಿದ್ದಳು. ಯಜಮಾನರು ಅದನ್ನು ಬಂದವರಿಗೆಲ್ಲ ತಾವೇ ಹಿಡಿದವರಂತೆ ಹೇಳಿಕೊಳ್ಳುತ್ತಿದ್ದರು. ಅವಳು ಮಾತ್ರ ಮಾತಿನಲ್ಲಿ ಬಲು ಜಿಪುಣಿ. ಹರೆಯದಲ್ಲಿ ವಿಷಗಾಳಿ ಕುಡಿದ ಗಂಟಲು ಅದು. ಎರಡು ವಾಕ್ಯ ಆಡಿದರೆ ಮೂರನೆಯದು ಕೆಮ್ಮಾಗಿ ಬರುತ್ತಿತ್ತು.

ಒಂದು ಬೆಳಿಗ್ಗೆ ಯಜಮಾನರು ಹನ್ನೆರಡು ಪುಟದ ಪ್ರೂಫೊಂದನ್ನು ಅವಳ ಮುಂದಿಟ್ಟು ಮೂಗು ಮುರಿದರು.

"ತಿದ್ದಕ್ಕ, ಇದನ್ನ ನೋಡಿಬಿಡಿ. ಯಾವುದೋ ತಂಡದ ಮೊದಲನೇ ಆಲ್ಬಮ್ ಅಂತೆ. ಹಾಡು ಅಂತಾರೆ, ಆದ್ರೆ ಹಾಡಲ್ಲ, ಗಂಟಲು ಹರ್ಕೊಳ್ಳೋದು. ಕವರಿನ ಒಳಗಿಡೋ ಪುಸ್ತಕ ಇದು."

"ಗಂಟಲು ಹರ್ಕೊಳ್ಳೋದಕ್ಕೆ ಪುಸ್ತಕ ಯಾಕೆ?"

"ಏನು ಹೇಳ್ತಿದಾರೆ ಅಂತ ಕೇಳೋರಿಗೆ ಗೊತ್ತಾಗಲ್ವಲ್ಲ, ಅದಕ್ಕೆ!" ಯಜಮಾನರು ತಮ್ಮ ಮಾತಿಗೆ ತಾವೇ ನಕ್ಕು ಒಳಗೆ ಹೋದರು.

ತಂಡದ ಹೆಸರು 'ತುಕ್ಕು'. ಒಂಬತ್ತು ಹಾಡು. ಮುನ್ನುಡಿಯಂಥ ಮೊದಲ ಪುಟದಲ್ಲಿ, ಕ್ರಸ್ಟ್ ಪಂಕ್, ಬ್ಲ್ಯಾಕ್ ಮೆಟಲ್, ಥ್ರ್ಯಾಶ್ ಈ ಮೂರು ಬಗೆಯ ಅಬ್ಬರದ ಸಂಗೀತವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದ್ದೇವೆ ಎಂದು ಬರೆದಿತ್ತು. ಕುದಿಸುವವರು ಕಾಗುಣಿತವನ್ನೂ ಸೇರಿಸಿ ಕುದಿಸಿಬಿಟ್ಟಿದ್ದರು. ಥ್ರ್ಯಾಶ್ ಎಂಬುದು ಮೂರು ಕಡೆ ಮೂರು ವೇಷದಲ್ಲಿತ್ತು. ತಿದ್ದಕ್ಕ ಮೂರನ್ನೂ ಒಂದು ಮಾಡಿದಳು. ಮೊದಲ ಹಾಡು ಕೊಳೆತ ನದಿಯ ಮೇಲೆ. ಎರಡು ಅಲ್ಪವಿರಾಮ ಹಾಕಿದಳು. ಎರಡನೆಯದು ಕೂಲಿಯ ಪಾಳಿಯ ಮೇಲೆ, ಮೂರನೆಯದು ಯುದ್ಧದ ಮೇಲೆ. ಬೈಗುಳಗಳು ಧಾರಾಳವಾಗಿದ್ದವು. ಅವುಗಳಲ್ಲೂ ಒಂದೆರಡು ಕಡೆ ದೀರ್ಘ ತಪ್ಪಿತ್ತು. ಅವನ್ನೂ ಮುಖ ಗಂಟಿಕ್ಕದೆ ಸರಿಮಾಡಿದಳು.

ನಾಲ್ಕನೆಯ ಹಾಡಿಗೆ ಬಂದಾಗ ಪೆನ್ನು ನಿಂತಿತು. ಆಲ್ಬಮ್ಮಿನ ಹೆಸರೂ ಅದೇ ಹಾಡಿನದು.

*ಮಂಜಿನ ಕೋಣೆ, ಐದು ಹೆಣ,*
*ಹೊರಗೆ ನಿಂತವ ಕಾವಲುಗಾರ,*
*ಬಾಗಿಲು ತೆರೆಯಲಿಲ್ಲ, ನಾಯಿ,*
*ಬಾಗಿಲು ತೆರೆಯಲಿಲ್ಲ.*

ಕಾಗುಣಿತ ಸರಿಯಾಗಿತ್ತು. ವ್ಯಾಕರಣವೂ ಸರಿಯಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇಪ್ಪತ್ತೇಳು ವರ್ಷದ ಹಿಂದೆ ಐಸ್ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿ ಸತ್ತ ಐವರಿಗೆ, ಅವರಲ್ಲಿದ್ದ ಒಬ್ಬಳೇ ಹೆಂಗಸು ನನ್ನ ಅಮ್ಮನಿಗೆ, ಎಂದಿತ್ತು.

ತಿದ್ದಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಬಾಗಿಲು ತೆರೆಯಲಿಲ್ಲ ಎಂಬ ಆ ಸಾಲನ್ನು ಜಗತ್ತಿನಲ್ಲಿ ಮೊಟ್ಟಮೊದಲು ಆಡಿದವಳು ಅವಳೇ.

ಆಗ ಅವಳಿಗೆ ಇಪ್ಪತ್ಮೂರು. ಐಸ್ ಕಾರ್ಖಾನೆಯಲ್ಲಿ ಗಡ್ಡೆಗಳನ್ನು ಎಣಿಸಿ ಗಾಡಿಗೆ ಸಾಗಿಸುವ ಕೆಲಸ. ಆವತ್ತು ಮಧ್ಯಾಹ್ನ ಕೊಳವೆಯ ಬೆಸುಗೆ ಬಿಟ್ಟು ಅನಿಲ ಸೋರಿತು. ಕಣ್ಣಿಗೆ ಕಾರ ಎರಚಿದಂತಾಗಿ ಹದಿನಾಲ್ಕು ಜನ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಆ ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಒಳಗಿದ್ದವರು ಎಳೆಯಬೇಕು, ಆದರೆ ಹಿಂದಿನವರ ಭಾರ ಬಿದ್ದು ಮುಂದಿನವರು ಹಲಗೆಗೆ ಒತ್ತಿಹೋಗಿದ್ದರು. ಎಳೆಯಲು ಅಂಗೈಯಷ್ಟೂ ಜಾಗವಿರಲಿಲ್ಲ. ಅವಳು ಕಾಲ ಸಂದಿಯಲ್ಲಿ ಕುಸಿದು ಬಿದ್ದಳು. ಬಿದ್ದದ್ದೇ ಪುಣ್ಯವಾಯಿತು. ಬಾಗಿಲ ಕೆಳಗಿನ ರಬ್ಬರು ಪಟ್ಟಿ ಹರಿದು ಎರಡು ಬೆರಳಷ್ಟು ಸಂದಾಗಿತ್ತು. ಅಲ್ಲಿಂದ ಗಾಳಿ ಬರುತ್ತಿತ್ತು. ಗಾಳಿಯ ಜೊತೆ ಕಾವಲುಗಾರನ ಕೂಗೂ ಬರುತ್ತಿತ್ತು: "ಹಿಂದಕ್ಕೆ ಸರೀರಿ! ತಳ್ತಾ ಇದೀನಿ, ಹಿಂದಕ್ಕೆ ಸರೀರಿ!" ಕಂಪ್ರೆಸರಿನ ಅಬ್ಬರದಲ್ಲಿ ಅದು ಕೇಳಿಸಿದ್ದು ನೆಲಕ್ಕೆ ಬಿದ್ದ ಅವಳೊಬ್ಬಳಿಗೇ.

ಅಗ್ನಿಶಾಮಕದವರು ಹಿಂದಿನ ಗೋಡೆ ಒಡೆದು ಒಂಬತ್ತು ಜನರನ್ನು ಜೀವಂತ ಹೊರತೆಗೆದರು. ಮೂರನೆಯ ದಿನ ಆಸ್ಪತ್ರೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ, ವಿಚಾರಣೆಯವರು ಬಂದು ಮಂಚದ ಪಕ್ಕ ಕೂತರು. ಹೊರಗೆ ಯಾರಿದ್ದರು ಎಂದು ಕೇಳಿದರು. ಗೇಟಣ್ಣ ಇದ್ದ ಎಂದಳು. ಕಾವಲುಗಾರನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಆಮೇಲೆ ಏನಾಯಿತು ಎಂದರು. "ಬಾಗಿಲು ತೆರೀಲಿಲ್ಲ" ಎಂದಳು. ಅಷ್ಟರಲ್ಲಿ ಕೆಮ್ಮು ಒತ್ತಿಕೊಂಡು ಬಂತು. ನರ್ಸ್ ಅವರನ್ನು ಹೊರಗೆ ಕಳಿಸಿದಳು. ಪಟ್ಟಿ ಬಿಚ್ಚಿದ ಮೇಲೆ ಯಾರೋ ತಂದ ಹಳೆಯ ಪತ್ರಿಕೆಯಲ್ಲಿ ಅವಳ ಮಾತು ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಕಾವಲುಗಾರ ಬಾಗಿಲು ತೆರೆಯಲಿಲ್ಲ.

ಬಾಗಿಲೇ ತೆರೆಯಲಿಲ್ಲ ಎಂದು ಅವಳು ಹೇಳಿದ್ದು. ಅವನು ತೆರೆಯಲಿಲ್ಲ ಎಂದು ಅವರು ಕೇಳಿಸಿಕೊಂಡಿದ್ದು. ಮಾತು ಒಂದೇ.

ಮುದ್ರಣಾಲಯದ ಮೇಜಿನಲ್ಲಿ ಅವಳು ಕನ್ನಡಕ ಮತ್ತೆ ಹಾಕಿಕೊಂಡು ಉಳಿದ ಐದು ಹಾಡುಗಳನ್ನು ತಿದ್ದಿ ಮುಗಿಸಿದಳು. 'ಮುದ್ರಿಸಬಹುದು' ಎಂದು ಬರೆದು ಸಹಿ ಹಾಕುವ ಜಾಗವನ್ನು ಮಾತ್ರ ಖಾಲಿ ಬಿಟ್ಟು, ಪ್ರೂಫನ್ನು ಚೀಲದೊಳಗೆ ಹಾಕಿಕೊಂಡು ಮನೆಗೆ ನಡೆದಳು.

ಗಂಡ ಬಸ್ ಕಂಡಕ್ಟರಾಗಿ ನಿವೃತ್ತನಾದವನು. ಮನೆಯಲ್ಲೂ ಎರಡು ಕಾಲು ಅಗಲಿಸಿಯೇ ನಿಲ್ಲುತ್ತಿದ್ದ. ಒಗೆದ ಬಟ್ಟೆ ಮಡಚುತ್ತಾ ಅವಳ ಮಾತನ್ನು ಪೂರ್ತಿ ಕೇಳಿದ. ಐಸ್ ಕಾರ್ಖಾನೆಯ ಕಥೆ ಅವನಿಗೆ ಗೊತ್ತಿತ್ತು. ಆ ಒಂದು ವಾಕ್ಯದ ಕಥೆ ಮಾತ್ರ ಗೊತ್ತಿರಲಿಲ್ಲ.

"ಇಷ್ಟು ವರ್ಷ ನಂಗೂ ಹೇಳಿಲ್ವಲ್ಲೇ ನೀನು."

"ಏನಂತ ಹೇಳ್ಲಿ? ಸುಳ್ಳು ಹೇಳಿದ್ರೆ ಸುಳ್ಳು ಹೇಳಿದ್ದೆ ಅಂತ ಒಪ್ಕೋಬಹುದಿತ್ತು. ನಾನು ಹೇಳಿದ್ದು ನಿಜಾನೇ. ತಪ್ಪು ಯಾವ ಅಕ್ಷರದಲ್ಲಿದೆ ಅಂತಾನೇ ಗೊತ್ತಾಗ್ಲಿಲ್ಲ. ನಾಳೆ ಹೇಳಿದ್ರಾಯ್ತು, ನಾಡಿದ್ದು ಹೇಳಿದ್ರಾಯ್ತು ಅಂದ್ಕೊಂಡೆ. ಅಷ್ಟರಲ್ಲಿ ಅವನನ್ನ ಕೆಲಸದಿಂದ ತೆಗೆದ್ರು, ಎರಡು ವರ್ಷ ಒಳಗೂ ಹಾಕಿದ್ರು. ಆಮೇಲೆ ಹೇಳೋಕೆ ಹೆದರಿಕೆ ಆಯ್ತು."

ಗಂಡ ಒಂದು ಅಂಗಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಪ್ರೂಫಿಗೆ ಸಹಿ ಹಾಕಿದ್ಯಾ?"

"ಇಲ್ಲ."

"ಮತ್ತೇನು? ಇನ್ನೂ ಅಚ್ಚಾಗಿಲ್ವಲ್ಲ. ಹೋಗಿ ಹೇಳು. ಬೈತಾರೆ, ಬೈಸ್ಕೋ."

ಭಾನುವಾರ ಮಧ್ಯಾಹ್ನ ಅವಳು ಪ್ರೂಫಿನ ಮೇಲಿದ್ದ ವಿಳಾಸ ಹುಡುಕಿಕೊಂಡು ಹೋದಳು. ಹಳೆಯ ಟೈರಿಗೆ ಹೊಸ ರಬ್ಬರು ಕೂರಿಸುವ ಅಂಗಡಿ ಅದು. ವಾರವಿಡೀ ಅಲ್ಲಿ ಟೈರು ಬೇಯುತ್ತಿತ್ತು, ರಜೆಯ ದಿನ ಹಾಡು ಬೇಯುತ್ತಿತ್ತು. ರಸ್ತೆಯ ತಿರುವಿನಲ್ಲೇ ಸದ್ದು ಎದೆಗೆ ಬಡಿಯಿತು. ಗೋಡೆಗೊರಗಿಸಿದ ಟೈರುಗಳ ನಡುವೆ ನಾಲ್ಕು ಜನ. ಡ್ರಮ್ ಬಾರಿಸುವವನು ಆಂಬುಲೆನ್ಸ್ ಚಾಲಕ, ಗೆಳೆಯರ ಬಾಯಲ್ಲಿ ಸೈರನ್. ಗಿಟಾರಿನವನು ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕ. ಹಾಡುಗಳನ್ನು ಅಲ್ಲೇ ಭಾನುವಾರಗಳಂದು ರೆಕಾರ್ಡ್ ಮಾಡಿಕೊಂಡವನೂ ಅವನೇ. ಬೇಸ್ ನುಡಿಸುವವಳದು ಕ್ಷೌರದಂಗಡಿ. ನಡುವೆ ಮೈಕಿನೆದುರು ನಿಂತವಳು, ಹಾಡುಗಳನ್ನು ಬರೆದವಳು, ಆ ಟೈರಂಗಡಿಯ ಕೆಲಸಗಾತಿ. ಮೂವತ್ತೊಂದು ವಯಸ್ಸು, ಮೊಣಕೈವರೆಗೆ ರಬ್ಬರಿನ ಮಸಿ. ಚಿಕ್ಕಂದಿನಲ್ಲಿ ಯಾರೋ, ಇದು ಹುಡುಗಿ ಅಲ್ಲ ಗುಡುಗಿ, ಎಂದಿದ್ದರಂತೆ. ಆ ಹೆಸರೇ ನಿಂತಿತ್ತು.

ತಿದ್ದಕ್ಕನನ್ನು ನೋಡಿ ಅವರು ನಿಲ್ಲಿಸಿದರು. ಪ್ರೆಸ್ಸಿನಿಂದ ಬಂದವಳೆಂದು ತಿಳಿದದ್ದೇ ಸೈರನ್ ಓಡಿಹೋಗಿ ಕುರ್ಚಿ ತಂದ.

"ಕೂತ್ಕೊಳ್ಳಿ ಅಕ್ಕ. ಸದ್ದು ಜಾಸ್ತಿ ಆಯ್ತಾ? ಇದು ನಿಮಗೆ ಹೊಸದು. ಸುಲಭ ಇದೆ, ಹೇಳ್ತೀನಿ. ಕ್ರಸ್ಟ್ ಅಂದ್ರೆ ಕೊಳೆ. ಬ್ಲ್ಯಾಕ್ ಅಂದ್ರೆ ಚಳಿ. ಥ್ರ್ಯಾಶ್ ಅಂದ್ರೆ ಓಟ. ಕೊಳೆ, ಚಳಿ, ಓಟ. ಅಷ್ಟೇ."

"ಪುಸ್ತಕದಲ್ಲಿ ಏನಾದ್ರೂ ತಪ್ಪಿದ್ಯಾ?" ಎಂದಳು ಗುಡುಗಿ. ಮಾತನಾಡುವಾಗ ಅವಳ ದನಿ ಆಶ್ಚರ್ಯವಾಗುವಷ್ಟು ಮೆತ್ತಗಿತ್ತು.

"ನಾಲ್ಕನೇ ಹಾಡು ಒಂದ್ಸಲ ಕೇಳಿಸ್ತೀರಾ?"

ಅವರು ನುಡಿಸಿದರು. ಮೊದಲು ಗಿಟಾರಿನ ಒಂದೇ ಸಮನೆ ನಡುಗುವ ಸದ್ದು. ಅದರಲ್ಲಿ ಕಂಪ್ರೆಸರಿನ ಗುಂಯ್ ಎನ್ನುವ ನಾದವಿತ್ತು. ಹುಡುಗ ಎಲ್ಲಿಂದ ಹಿಡಿದನೋ, ಹಲ್ಲು ಕಟಕಟ ಎನ್ನುವಂತಿತ್ತು. ಮೇಲೆ ಡ್ರಮ್ಮು ಓಟ ಹಿಡಿಯಿತು. ಅದರ ಮೇಲೆ ಗುಡುಗಿ ಬಾಯಿ ತೆರೆದಳು. ತಿದ್ದಕ್ಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆ ಚೀರು ಅವಳಿಗೆ ಹೊಸದಲ್ಲ. ಹಾಡು ಮುಗಿದಾಗ ಅವಳು ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಆ ದಿನ ನಾನು ಒಳಗಿದ್ದೆ, ಮಗಳೇ," ಎಂದಳು. "ನಿಮ್ಮಮ್ಮನ ಪಕ್ಕದಲ್ಲೇ ಕೆಲಸ ಮಾಡ್ತಿದ್ದೆ. ಗೇಟಣ್ಣ ಬಾಗಿಲು ಹಾಕಿರ್ಲಿಲ್ಲ. ಹೊರಗಿಂದ ತಳ್ತಿದ್ದ. ನಾವು ಒಳಗಿಂದ ಒತ್ತಿದ್ವಿ, ಅದಕ್ಕೇ ತೆರೀಲಿಲ್ಲ. ಪೇಪರಿನಲ್ಲಿ ಬಂದಿದ್ದು ನನ್ನ ಮಾತು. ನಾನು ಹೇಳಿದ್ದು ಬಾಗಿಲಿನ ಬಗ್ಗೆ. ಅವನ ಬಗ್ಗೆ ಅಲ್ಲ."

ಗುಡುಗಿ ಮೈಕನ್ನು ನಿಧಾನವಾಗಿ ಕೆಳಗಿಟ್ಟಳು.

"ನನ್ನ ಸಾಕಿದ್ದು ಅಜ್ಜಿ," ಎಂದಳು. "ದೀಪ ಹಚ್ಚಿದ ಹೊತ್ತಿಗೆ ದಿನಾ ಅದೊಂದೇ ಮಾತು. ಕಾವಲುಗಾರ ಬಾಗಿಲು ತೆರೀಲಿಲ್ಲ. ಸಾಯೋವರೆಗೂ ಅವನಿಗೆ ಶಾಪ ಹಾಕಿದ್ಲು. ಈಗ ನೀವು ಬಂದು, ಅದು ವ್ಯಾಕರಣದ ತಪ್ಪು ಅಂತೀರಾ? ನೀವೇನು ಅವನ ಕಡೆಯವರಾ?"

"ಅಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ?"

ತಿದ್ದಕ್ಕ ಬಾಯಿ ತೆರೆದಳು. ಬಂದದ್ದು ಕೆಮ್ಮು.

ಸೈರನ್ ಡ್ರಮ್ಮಿನ ಹಿಂದಿನಿಂದ ಎದ್ದುಬಂದ. "ಜಗಳ ಆಮೇಲೆ ಆಡಿ," ಎಂದ. "ಮೊದಲು ನೋಡೋಣ. ಅಲ್ಲಿ ಸಾಮಾನು ಕೋಣೆ ಇದ್ಯಲ್ಲ, ಅದರ ಬಾಗಿಲೂ ಒಳಕ್ಕೇ ತೆರೆಯೋದು. ನಾವು ನಾಲ್ಕೂ ಜನ ಒಳಗೆ ಹೋಗೋಣ. ಅಕ್ಕ ಹೊರಗಿರ್ಲಿ. ಗಿಟಾರ್ ಹಾಗೇ ಗುಂಯ್ ಅಂತಿರ್ಲಿ, ಕಂಪ್ರೆಸರ್ ಥರ."

ಅದು ಮಕ್ಕಳಾಟದಂತೆ ಶುರುವಾಯಿತು. ಬೇಸಿನವಳು ನಕ್ಕೂಬಿಟ್ಟಳು. ಗಿಟಾರನ್ನು ಆಂಪ್ಲಿಫಯರಿಗೆ ಒರಗಿಸಿಟ್ಟಾಗ ಅದು ತಾನಾಗಿ ಊಳಿಡತೊಡಗಿತು. ನಾಲ್ವರೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಮುಂದೆ ಗುಡುಗಿ, ಅವಳ ಬೆನ್ನಿಗೆ ಉಳಿದವರು. ಸೈರನ್ ಒಂದು, ಎರಡು, ಮೂರು ಎಂದು ಎಣಿಸಿ ಒತ್ತಿದ. ತಿದ್ದಕ್ಕ ಹೊರಗಿನಿಂದ ಭುಜ ಕೊಟ್ಟು ತಳ್ಳಿದಳು. ಹಲಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ತನ್ನ ಒಡಕು ಗಂಟಲಿನಿಂದ ಎಷ್ಟು ಸಾಧ್ಯವೋ ಅಷ್ಟು ಕೂಗಿದಳು: "ಹಿಂದಕ್ಕೆ ಸರೀರಿ! ಹಿಂದಕ್ಕೆ ಸರೀರಿ!"

ಅರ್ಧ ನಿಮಿಷವಾಗಿರಬಹುದು. ಅವರು ಹೊರಗೆ ಬಂದಾಗ ಯಾರ ಮುಖದಲ್ಲೂ ನಗುವಿರಲಿಲ್ಲ. ಗುಡುಗಿಯ ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿತ್ತು.

"ಕೂಗ್ತಿದ್ರಾ ನೀವು?" ಎಂದಳು.

"ಹೂಂ."

"ಏನೂ ಕೇಳಿಸ್ಲಿಲ್ಲ."

ಅವಳು ಮತ್ತೆ ಒಳಗೆ ಹೋಗಿ ನೆಲದ ಮೇಲೆ ಮಲಗಿ, ಬಾಗಿಲ ಸಂದಿಗೆ ಕಿವಿ ಇಟ್ಟಳು. "ಇನ್ನೊಂದ್ಸಲ," ಎಂದಳು ಅಲ್ಲಿಂದಲೇ. ಮಿಕ್ಕವರು ಅವಳನ್ನು ತುಳಿಯದಂತೆ ಕಾಲು ಅಗಲಿಸಿ ನಿಂತು ಬಾಗಿಲಿಗೆ ಒತ್ತಿದರು. ತಿದ್ದಕ್ಕ ಮತ್ತೆ ತಳ್ಳಿದಳು, ಮತ್ತೆ ಕೂಗಿದಳು, ಕೆಮ್ಮು ಬರುವವರೆಗೂ ಕೂಗಿದಳು.

ಈ ಸಲ ಗುಡುಗಿ ಹೊರಗೆ ಬರಲು ತಡವಾಯಿತು. ಬಂದವಳು ಗಿಟಾರಿನ ಸದ್ದನ್ನು ತಾನೇ ಹೋಗಿ ಆರಿಸಿದಳು. ಅಂಗಡಿ ಇದ್ದಕ್ಕಿದ್ದಂತೆ ದೊಡ್ಡದಾದಂತೆ ಕಂಡಿತು.

"ಅವನು ಬದುಕಿದಾನಾ?"

"ಇದಾನೆ," ಎಂದಳು ತಿದ್ದಕ್ಕ. "ಹಳೇ ಅಂಚೆ ಕಚೇರಿ ಹಿಂದಿನ ಓಣಿಯಲ್ಲಿ ಕುರ್ಚಿಗೆ ಬೆತ್ತ ಹೆಣೀತಾನೆ. ನನಗೆ ಗೊತ್ತು. ಅದಕ್ಕೇ ಆ ಓಣಿಯಲ್ಲಿ ನಾನು ಓಡಾಡಲ್ಲ."

ಎರಡು ದಿನ ಬಿಟ್ಟು, ಸಂಜೆ ಕೆಲಸ ಮುಗಿಸಿ ಇಬ್ಬರೂ ಜೊತೆಯಾಗಿ ಹೋದರು. ಓಣಿಯ ಬಾಯಲ್ಲಿ ಗುಡುಗಿ ನಿಂತು, "ನಮ್ಮಮ್ಮ ಹೇಗಿದ್ರು?" ಎಂದಳು.

ತಿದ್ದಕ್ಕ ಯೋಚಿಸಿದಳು. ಹೊಗಳಿ ಹೇಳಲು ಮನಸ್ಸು ಬರಲಿಲ್ಲ. "ಬಾಯಿ ಜೋರು," ಎಂದಳು. "ಕಂಪ್ರೆಸರಿನ ಗದ್ದಲದಲ್ಲಿ ನಾವೆಲ್ಲ ಕೈಸನ್ನೆ ಮಾಡಿದ್ರೆ ಅವಳೊಬ್ಬಳು ಮಾತಾಡೋಳು. ಆ ಕೊನೆಯಿಂದ ಈ ಕೊನೆಗೆ ಕೇಳಿಸೋದು. ಮೇಸ್ತ್ರಿಯನ್ನ ಬೈದ್ರೆ ಗೇಟಿನ ಹತ್ರ ಗೇಟಣ್ಣ ನಗೋನು."

ಗುಡುಗಿ ಮುಖ ತಿರುಗಿಸಿಕೊಂಡಳು. ಅವಳು ನಕ್ಕಳೋ ಅತ್ತಳೋ ತಿದ್ದಕ್ಕನಿಗೆ ಕಾಣಲಿಲ್ಲ.

ಗೇಟಣ್ಣನಿಗೆ ಎಪ್ಪತ್ತೆಂಟು ದಾಟಿತ್ತು. ಕಾಲುಮಣೆಯ ಮೇಲೆ ಕೂತು, ಮಂಡಿಗಳ ನಡುವೆ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡು, ನೆನೆಸಿದ ಬೆತ್ತದ ಸೀಳನ್ನು ತೂತಿನಿಂದ ತೂತಿಗೆ ಎಳೆಯುತ್ತಿದ್ದ. ತಿದ್ದಕ್ಕನ ಗುರುತು ಹಿಡಿಯಲು ಅವನಿಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಆದರೆ ಕೈ ನಿಲ್ಲಿಸಲಿಲ್ಲ.

"ಬಾ ತಂಗೀ," ಎಂದ. "ಕೆಮ್ಮು ಇನ್ನೂ ಹೋಗಿಲ್ವಾ?"

ತಿದ್ದಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಹಾಡು, ಪುಸ್ತಕ, ಆ ಸಾಲು, ಇಪ್ಪತ್ತೇಳು ವರ್ಷ. ಕೊನೆಗೆ, "ನನ್ನಿಂದ ನಿನ್ನ ಬಾಳು ಹಾಳಾಯ್ತು ಅಣ್ಣ," ಎಂದಳು. "ನೀನು ಬಾಗಿಲಲ್ಲೇ ಇದ್ದೆ. ನಂಗೆ ಕೇಳಿಸಿತ್ತು. ನಾನು ಹೇಳ್ಲಿಲ್ಲ."

ಮುದುಕ ಬೆತ್ತವನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಗಿ ಮಾಡಿದ. ಆಮೇಲೆ ಕುರ್ಚಿಯನ್ನು ಪಕ್ಕಕ್ಕಿಟ್ಟ.

"ನಿಂಗೆ ಕೇಳಿಸಿದ್ದು ಕೊನೇ ಭಾಗ, ತಂಗೀ. ಮೊದಲನೇ ಭಾಗ ನಿಂಗೆ ಗೊತ್ತಿಲ್ಲ. ವಾಸನೆ ಬಂದ ತಕ್ಷಣ ನಾನು ಓಡಿದೆ."

ಇಬ್ಬರೂ ಅವನನ್ನೇ ನೋಡಿದರು.

"ಗೇಟು ದಾಟಿ ರಸ್ತೆವರೆಗೂ ಓಡಿದೆ. ದೀಪದ ಕಂಬ ಹಿಡ್ಕೊಂಡು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಒಳಗಿರೋರ ನೆನಪಾಗಿ ಟವೆಲ್ ಒದ್ದೆ ಮಾಡ್ಕೊಂಡು ವಾಪಸ್ ಬಂದೆ. ಅಷ್ಟರಲ್ಲಿ ನೀವೆಲ್ಲ ಬಾಗಿಲಿಗೆ ಒತ್ತಿಬಿಟ್ಟಿದ್ರಿ. ಓಡದೆ ಇದ್ದಿದ್ರೆ, ನೀವು ಬರೋಕೆ ಮುಂಚೇನೇ ಒಂದು ಕೈಯಲ್ಲಿ ತಳ್ಳಿ ತೆಗೀಬಹುದಿತ್ತು. ವಿಚಾರಣೆಯಲ್ಲಿ ಬಾಗಿಲು ತೆಗೀಲಿಲ್ವಾ ಅಂದ್ರು. ಇಲ್ಲ ಅಂದೆ. ಅದು ನಿಜಾನೇ ಅಲ್ವಾ?"

ತಿದ್ದಕ್ಕ ಮೆಟ್ಟಿಲ ಮೇಲೆ ಕೂತಳು. ಇಷ್ಟು ವರ್ಷ ಅವನನ್ನು ಪೂರಾ ನಿರಪರಾಧಿ ಮಾಡಿ, ತನ್ನನ್ನು ಪೂರಾ ಅಪರಾಧಿ ಮಾಡಿ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಎರಡೂ ಈಗ ಸಡಿಲವಾದವು. ಸಡಿಲವಾದದ್ದರಿಂದ ಹಗುರವಾಗಲಿಲ್ಲ, ಎಲ್ಲಿ ಹಿಡಿದು ಎತ್ತಬೇಕೆಂದು ತಿಳಿಯದಾಯಿತು, ಅಷ್ಟೇ.

"ಇವಳು ಯಾರು?" ಎಂದ ಗೇಟಣ್ಣ.

ಗುಡುಗಿ ತಾನೇ ಹೇಳಿದಳು. ಅಮ್ಮನ ಹೆಸರು ಹೇಳಿದಳು. ಮುದುಕನ ಕೈ ಕುರ್ಚಿಯ ಕಾಲನ್ನು ಹುಡುಕಿ ಹಿಡಿದುಕೊಂಡಿತು.

"ನಾನು ಕ್ಷಮಿಸೋಕೆ ಬಂದಿಲ್ಲ," ಎಂದಳು ಅವಳು.

"ನಾನೂ ಕೇಳೋದಿಲ್ಲ, ಮಗಾ."

"ಆ ಬಾಗಿಲನ್ನ ಒಳಕ್ಕೆ ತೆರೆಯೋ ಹಾಗೆ ಯಾಕೆ ಮಾಡಿದ್ರು?"

"ಮೊದಲು ಹೊರಕ್ಕೇ ತೆರೀತಿತ್ತು. ಗಾಡಿ ತಿರುಗಿಸೋಕೆ ಅಡ್ಡ ಆಗುತ್ತೆ ಅಂತ ಮಾಲೀಕರು ಕೀಲು ಬದಲಾಯಿಸಿದ್ರು. ನಾನೇ ಹಲಗೆ ಹಿಡ್ಕೊಂಡು ನಿಂತಿದ್ದೆ, ಬಡಗಿ ಮೊಳೆ ಹೊಡೆದ. ಅದನ್ನ ಯಾರೂ ಕೇಳ್ಲಿಲ್ಲ. ನಾನಾಗಿ ಹೇಳಿದ್ರೆ, ತಪ್ಪಿಸ್ಕೊಳ್ಳೋಕೆ ಹೇಳ್ತಾನೆ ಅಂದ್ರು."

ಹೊರಡುವಾಗ ಗುಡುಗಿ, "ಹಾಡು ಬದಲಾಯಿಸ್ತೀನಿ. ಬೈದಿದ್ದು ತೆಗೀತೀನಿ," ಎಂದಳು. ಅದನ್ನು ಹೇಳುವಾಗಲೂ ಅವಳ ಮುಖ ಸಡಿಲಾಗಿರಲಿಲ್ಲ.

"ಬೈಗುಳ ತೆಗಿ," ಎಂದ ಗೇಟಣ್ಣ. "ಓಡಿದ್ದನ್ನ ಸೇರಿಸು."

ಮುಂದಿನ ನಾಲ್ಕು ದಿನ ಅವಳು ಬರೆದಳು. ತಿದ್ದಕ್ಕ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಟೈರಂಗಡಿಗೆ ಹೋಗುತ್ತಿದ್ದಳು. ಗುಡುಗಿ ಮಸಿ ಕೈಯಲ್ಲೇ ಚೀಟಿ ಚಾಚುತ್ತಿದ್ದಳು. ಒಮ್ಮೆ ಮಾಲೀಕನ ಮೇಲೆ ಎಂಟು ಸಾಲು ಬೈಗುಳ ಬಂತು. ತಿದ್ದಕ್ಕ ಓದಿ, "ಇದರಲ್ಲಿ ತಪ್ಪಿಲ್ಲ, ಆದ್ರೆ ಕೀಲಿನ ವಿಷಯಾನೇ ಇಲ್ವಲ್ಲ," ಎಂದಳು. ಗುಡುಗಿ ಹರಿದು ಎಸೆದು ಮತ್ತೆ ಬರೆದಳು. ಯಾರೂ ಕೇಳಿಸಿಕೊಳ್ಳಲಾಗದ ಹಾಡಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಬೇಸಿನವಳು ಗೊಣಗಿದಳು. ಗ್ರಾಮಫೋನ್ ತಟ್ಟೆ ಒತ್ತುವ ಕಾರ್ಖಾನೆಗೆ ಟೇಪು ಕಳಿಸುವ ದಿನ ಹತ್ತಿರ ಬಂದಿತ್ತು. ಅವಳ ಅವಸರವೂ ಸುಳ್ಳಲ್ಲ.

"ಕೇಳೋರಿಗಲ್ಲ," ಎಂದ ಸೈರನ್. "ಹಾಡೋಳಿಗೆ. ಬಾಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿರಬೇಕಲ್ವಾ?"

ಭಾನುವಾರ ನಾಲ್ಕನೆಯ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಮೊದಲ ಸಲ ಗುಡುಗಿಗೆ ಉಸಿರು ಸಾಲಲಿಲ್ಲ. ಹಳೆಯ ಮಾತಿನಲ್ಲಿ 'ನಾಯಿ' ಎನ್ನುವ ಕಡೆ ನಾಲಗೆ ತಾನಾಗಿ ಹೋಗುತ್ತಿತ್ತು, ಅಜ್ಜಿಯ ಬಾಯಿಯಿಂದ ಕಲಿತ ಸಿಟ್ಟು ಅದು, ಒಂದು ವಾರಕ್ಕೆ ಬಿಡುವಂಥದ್ದಲ್ಲ. ಎರಡನೆಯ ಸಲ ತಾಳ ತಪ್ಪಿತು. ಆರನೆಯ ಸಲ ಅವಳು ಮೈಕನ್ನು ಸಾಮಾನು ಕೋಣೆಯೊಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಕಾಲೊಡ್ಡಿ ಕೂತಿದ್ದ ತಿದ್ದಕ್ಕನಿಗೆ ಅವಳ ದನಿ ಹಲಗೆಯ ಮೂಲಕ ಕೇಳುತ್ತಿತ್ತು. ಈಗಲೂ ಅಕ್ಷರಗಳು ಒಂದೂ ಬಿಡಿಬಿಡಿಯಾಗಲಿಲ್ಲ. ಆದರೆ ಕಾಗದ ಮಡಿಲಲ್ಲಿತ್ತು. ಅವಳು ಬೆರಳಿಟ್ಟು ಸಾಲು ಸಾಲಾಗಿ ಹಿಂಬಾಲಿಸಿದಳು.

*ಗಾಡಿ ತಿರುಗಲೆಂದು ಕೀಲು ತಿರುಗಿಸಿದ ಮಾಲೀಕನೇ,*
*ಕಾವಲುಗಾರ ಓಡಿದ, ಕಂಬ ಮುಟ್ಟಿ ಮರಳಿ ಬಂದ,*
*ಹೊರಗಿಂದ ಅವನು ತಳ್ಳಿದ, ಒಳಗಿಂದ ನಾವು ತಳ್ಳಿದೆವು,*
*ಬಾಗಿಲು ತೆರೆಯಲಿಲ್ಲ,*
*ಬಾಗಿಲು ತೆರೆಯಲಿಲ್ಲ.*

ಅವಳು ಹೊರಬಂದಾಗ ಬೆವರು ಇಳಿಯುತ್ತಿತ್ತು. ಗಿಟಾರಿನವನು ಹೆಡ್‌ಫೋನ್ ತೆಗೆದು ತಲೆಯಾಡಿಸಿದ. ಇದೇ ಇರಲಿ ಎಂದ. ಮಾರನೆಯ ದಿನ ತಿದ್ದಕ್ಕ ಪ್ರೂಫಿನ ಕೊನೆಯ ಪುಟದಲ್ಲಿ ಸಹಿ ಹಾಕಿದಳು. ಯಜಮಾನರು, ಏನು ಇಷ್ಟು ದಿನ ಹಿಡಿಯಿತು, ಅಷ್ಟೊಂದು ತಪ್ಪಿತ್ತಾ, ಎಂದು ಕೇಳಿದರು. ಒಂದಿತ್ತು ಎಂದಳು.

ಮುನ್ನೂರು ತಟ್ಟೆಗಳು ಬಂದವು. ಬಿಡುಗಡೆಯ ಕಾರ್ಯಕ್ರಮ ಒಂದು ಖಾಲಿ ಗೋದಾಮಿನಲ್ಲಿ ಮಧ್ಯಾಹ್ನ ನಡೆಯಿತು. ತಿದ್ದಕ್ಕ ಗಂಡನ ಜೊತೆ ಹೋಗಿ, ಕಿವಿಗೆ ಹತ್ತಿ ಇಟ್ಟುಕೊಂಡು ಹಿಂದಿನ ಗೋಡೆಗೆ ಒರಗಿ ನಿಂತಳು. ಗಂಡ ಅಭ್ಯಾಸಬಲದಿಂದ ಬಾಗಿಲ ಪಕ್ಕ ನಿಂತು, ಬಂದವರನ್ನೆಲ್ಲ ಒಳಗೆ ಒಳಗೆ ಎಂದು ಕಳಿಸುತ್ತಿದ್ದ. ನೂರೈವತ್ತು ಜನವಿದ್ದರು. ಹೆಚ್ಚಿನವರಿಗೆ ಹಾಡಿನ ಮಾತು ಬೇಕಿರಲಿಲ್ಲ, ಕುಣಿಯಬೇಕಿತ್ತು, ಕುಣಿದರು. ಆಮೇಲೆ ಸಂಗೀತದ ಪತ್ರಿಕೆಯೊಂದು ನಾಲ್ಕು ಸಾಲು ಬರೆಯಿತು. ಡ್ರಮ್ ಚೆನ್ನಾಗಿದೆ, ಧ್ವನಿಮುದ್ರಣ ಒರಟು, ಮಾತು ತಿಳಿಯುವುದಿಲ್ಲ ಎಂದಿತ್ತು. ಸೈರನ್ ಅದನ್ನು ಕತ್ತರಿಸಿ ಆಂಬುಲೆನ್ಸಿನ ಗಾಜಿಗೆ ಅಂಟಿಸಿಕೊಂಡ.

ಗೇಟಣ್ಣ ಬರಲಿಲ್ಲ. ಕರೆದಿರಲೂ ಇಲ್ಲ. ಅದಾದ ಮೂರನೆಯ ವಾರ ಗುಡುಗಿಯೇ ಮುದ್ರಣಾಲಯಕ್ಕೆ ಬಂದು, "ಅಕ್ಕ, ಅವರಿಗೊಂದು ಕೊಟ್ಟು ಬರೋಣ," ಎಂದಳು. ಅವನು ಎನ್ನುತ್ತಿದ್ದವಳು ಅವರು ಎಂದದ್ದನ್ನು ತಿದ್ದಕ್ಕ ಗಮನಿಸಿದಳು.

ಮುದುಕ ತಟ್ಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ. "ಇದನ್ನ ಹಾಕೋ ಯಂತ್ರ ನನ್ನ ಹತ್ರ ಇಲ್ವಲ್ಲ," ಎಂದ.

"ಇದ್ರೂ ಏನೂ ತಿಳೀತಿರ್ಲಿಲ್ಲ, ಬಿಡಿ," ಎಂದಳು ಗುಡುಗಿ.

"ಹಾಗಾದ್ರೆ ಓದು ತಂಗೀ. ನನ್ನ ಕಣ್ಣಿಗೆ ಈ ಸಣ್ಣಕ್ಷರ ಕಾಣಲ್ಲ."

ತಿದ್ದಕ್ಕ ಪುಸ್ತಕ ಬಿಡಿಸಿ ನಾಲ್ಕನೆಯ ಹಾಡು ಓದಿದಳು. ಓಡಿದ ಎಂಬಲ್ಲಿ ಮುದುಕ ಕಣ್ಣು ಮುಚ್ಚಿಕೊಂಡ, ಮರಳಿ ಬಂದ ಎಂಬಲ್ಲಿ ತೆರೆಯಲಿಲ್ಲ. ಕೊನೆಗೆ, "ಸರಿಯಾಗಿದೆ," ಎಂದ.

ಆಮೇಲೆ ಅವನು ಬೆತ್ತವನ್ನು ನೀರಿನಿಂದ ತೆಗೆದು ಕೈಗೆತ್ತಿಕೊಂಡ. "ಇನ್ನೂ ಬೇರೆ ಹಾಡುಗಳಿವೆಯಲ್ಲ, ಅದರಲ್ಲೆಲ್ಲ ಏನಿದೆ?"

ತಿದ್ದಕ್ಕ ಮೊದಲ ಹಾಡಿಗೆ ತಿರುಗಿಸಿ ಎರಡು ಸಾಲು ಓದುವಷ್ಟರಲ್ಲಿ ಕೆಮ್ಮು ಹಿಡಿಯಿತು. ಗುಡುಗಿ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡಳು. ಮೆಟ್ಟಿಲ ಮೇಲೆ ಕೂತು, ಮಸಿ ಬೆರಳನ್ನು ಪುಟಕ್ಕೆ ತಾಗದಂತೆ ಹಿಡಿದು, ಕೊಳೆತ ನದಿಯ ಹಾಡನ್ನು ತನ್ನ ಮೆತ್ತನೆಯ ಮಾತಿನ ದನಿಯಲ್ಲಿ ಓದತೊಡಗಿದಳು. ಬೈಗುಳ ಬಂದ ಕಡೆ ಸ್ವಲ್ಪ ತಡೆದು ಮುದುಕನ ಮುಖ ನೋಡಿದಳು.

"ಓದು, ಓದು," ಎಂದ ಗೇಟಣ್ಣ, ಬೆತ್ತ ಎಳೆಯುತ್ತಾ.